ಅಪ್‌ಡೇಟ್: ಮೈಕ್ರೋಫಿಲಂನಲ್ಲಿದ್ದ 1968ರ ಥೀಸಿಸ್ ಸಿಕ್ಕಿತು

ಹಳೇ ಮೈಸೂರಿನ ಕೆರೆ ನೀರಾವರಿ ಬಗ್ಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಬರೆದ ಥೀಸಿಸ್ ಮೈಕ್ರೋಫಿಲಂನಲ್ಲಿದೆ (ಪುಟಗಳನ್ನು ಪುಟ್ಟದಾಗಿ ಫೋಟೋ ತೆಗೆದಿಟ್ಟ ಫಿಲಂ), ಓದುವುದು ಹೇಗೆ ಅಂತ ಇಲ್ಲಿ ಕೇಳಿದ್ದೆ. ಈಗ ಪಿಡಿಎಫ್ ಕೈಯಲ್ಲಿದೆ!

ಶೋಧಗಂಗಾ ನೋಡಿ ಅಂದವರೇ ಜಾಸ್ತಿ. ಆದರೆ ಅಲ್ಲಿರುವುದು ಭಾರತದ ವಿಶ್ವವಿದ್ಯಾಲಯಗಳ ಥೀಸಿಸ್, ಹಾಗಾಗಿ ಉಪಯೋಗಕ್ಕೆ ಬರಲಿಲ್ಲ. ಪ್ರೋಕ್ವೆಸ್ಟ್ ಎಂಬ ಥೀಸಿಸ್ ಡೇಟಾಬೇಸ್‌ನಲ್ಲಿ ವಿಷಯ ಹಾಕಿ ಹುಡುಕಿದರೂ ಏನೂ ಇಲ್ಲ. ಲೇಖಕರ ಹೆಸರು ಹಾಕಿದ ತಕ್ಷಣ ಬಂತು. 1980ಕ್ಕಿಂತ ಹಿಂದಿನವಕ್ಕೆ ಅಲ್ಲಿ ಸಾಮಾನ್ಯವಾಗಿ ಸಾರಾಂಶ ಇರುವುದಿಲ್ಲ. ಶೀರ್ಷಿಕೆಯಲ್ಲಿ ಇಲ್ಲದ ಪದ ಹಾಕಿದರೆ ಸಿಗುವುದಾದರೂ ಹೇಗೆ, ಅಲ್ವಾ?

ಅಲ್ಲಿ ಪೂರ್ತಿ ಪಠ್ಯ ಇರಲಿಲ್ಲ. ಕೆಲಸ ಮಾಡಿದ್ದು, "ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯದ ಲೈಬ್ರರಿಗೇ ಬರೆಯಿರಿ" ಎಂಬ ಸಲಹೆ. ಅವರು ತಮ್ಮ ಫಿಲಂ ಸ್ಕ್ಯಾನ್ ಮಾಡಿ ಕಳಿಸಿದರು. ಸಲಹೆ ಕೊಟ್ಟವರಿಗೆ ಒಂದು ಫಿಲ್ಟರ್ ಕಾಫಿ ಬಾಕಿ.

ಗುಣಮಟ್ಟ ಮಾತ್ರ ಅಷ್ಟಕ್ಕಷ್ಟೇ. ಮಡಚಿಟ್ಟಿದ್ದ ದೊಡ್ಡ ನಕ್ಷೆ ನಾಲ್ಕು ತುಂಡಾಗಿ ಬಂದಿದೆ. ಫಿಲಂ ಕಪ್ಪುಬಿಳುಪು, ಹಾಗಾಗಿ ಬಣ್ಣದ ಗೆರೆಗಳಲ್ಲಿ ಕಾಲುವೆ ಯಾವುದು, ರಸ್ತೆ ಯಾವುದು ಗೊತ್ತಾಗುವುದಿಲ್ಲ. ಪಠ್ಯ ಹುಡುಕಲು ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ತಂತ್ರಾಂಶ) ಹಾಕಿದೆ. ಕೋಷ್ಟಕಗಳಲ್ಲಿ 3 ಮತ್ತು 8 ಅದಲುಬದಲಾಗುತ್ತಿವೆ, ಒಂದೊಂದನ್ನೂ ಕಣ್ಣಲ್ಲೇ ನೋಡಿಕೊಳ್ಳಿ.

ನನಗೆ ಅಚ್ಚರಿಯಾದ ವಿಷಯ: ಸ್ಕ್ಯಾನ್ ಆದ ಮೇಲೂ ಲೈಬ್ರರಿಯವರು ಫಿಲಂ ಎಸೆಯುವುದಿಲ್ಲ. ತಂಪಾದ, ಒಣ ಜಾಗದಲ್ಲಿ ಸರಿಯಾಗಿ ಇಟ್ಟರೆ ಪಾಲಿಯೆಸ್ಟರ್ ಫಿಲಂಗೆ ಸುಮಾರು 500 ವರ್ಷ ಬಾಳಿಕೆ ಅಂತ ಲೆಕ್ಕ. ನನ್ನ ಹಾರ್ಡ್ ಡಿಸ್ಕ್ ಐದು ವರ್ಷ ಬಂದರೆ ಹೆಚ್ಚು.