ಅರಿಶಿನ ಕೆಂಪಾಯಿತು, ಈಗ ಮಗುವಿಗೆ ಏನು ಹೇಳಲಿ?

ಪ್ರಶ್ನೆ: ಮೇಡಂ, ಮಗಳಿಗೆ ಆರು ವರ್ಷ. ಅರಿಶಿನದ ನೀರಿಗೆ ಸೋಪಿನ ನೀರು ಹಾಕಿ ಕೆಂಪಾಗುವುದನ್ನು ತೋರಿಸಿದೆ. ಚಪ್ಪಾಳೆ ತಟ್ಟಿ ಆಟಕ್ಕೆ ಓಡಿದಳು. ಆಮ್ಲ, ಪ್ರತ್ಯಾಮ್ಲಗಳನ್ನು ಈ ವಯಸ್ಸಿಗೆ ಹೇಗೆ ವಿವರಿಸುವುದು?

ಉತ್ತರ (ವಿಜ್ಞಾನ ಶಿಕ್ಷಕಿ): ವಿವರಿಸಲೇಬೇಡಿ. ಆ ಪದಗಳು ಮುಂದೆ ಶಾಲೆಯಲ್ಲಿ ಹೇಗೂ ಬರುತ್ತವೆ. ಪ್ರಯೋಗವನ್ನೆಲ್ಲ ನೀವೇ ಮಾಡಿದ್ದರಿಂದ ಅವಳ ಪಾಲಿಗೆ ನೋಡುವುದಷ್ಟೇ ಉಳಿಯಿತು. ಬಿಳಿ ಕಾಗದಕ್ಕೆ ಅರಿಶಿನ ಕಲಸಿ ಬಳಿದು, ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ ಅವಳ ಕೈಗೆ ಕೊಡಿ. ನಿಂಬೆರಸ, ಹುಣಸೆ ನೀರು, ಮಜ್ಜಿಗೆ, ಅಡುಗೆ ಸೋಡಾ ಕದಡಿದ ನೀರು, ಬಟ್ಟೆ ಸೋಪಿನ ನೀರು ಎಲ್ಲದರ ಹನಿಯನ್ನೂ ಅವಳೇ ಬಿಡಲಿ. ಹನಿ ಬೀಳುವ ಮುನ್ನ ‘ಇದು ಕೆಂಪಾಗುತ್ತದೆಯೇ?’ ಎಂದು ಕೇಳಿ. ಊಹೆ ತಪ್ಪಾಗಿದ್ದರೆ ತಿದ್ದಬೇಡಿ, ಕಾಗದವೇ ತಿದ್ದುತ್ತದೆ. ‘ನೊರೆ ಬರುವುದೆಲ್ಲ ಕೆಂಪು ಮಾಡುತ್ತದೆ’ ಎಂದು ಅವಳು ತೀರ್ಮಾನಿಸಿದರೆ ಶಾಂಪೂ ಕೊಟ್ಟು ನೋಡಿ. ಸಾಮಾನ್ಯವಾಗಿ ಅದು ಬಣ್ಣ ಬದಲಿಸುವುದಿಲ್ಲ. ಆಗ ಅವಳು ಯೋಚಿಸುತ್ತಾಳೆ. ಕೆಂಪಾದ ಪಟ್ಟಿಗೆ ನಿಂಬೆರಸ ಬಿದ್ದರೆ ಹಳದಿ ಮರಳುತ್ತದೆ ಎಂಬುದನ್ನು ಮೊದಲೇ ಹೇಳಿ ಕೆಡಿಸಬೇಡಿ.

ಆರತಿಯ ಕೆಂಪು ನೀರು ಅರಿಶಿನಕ್ಕೆ ಸುಣ್ಣ ಬೆರೆತು ಆದದ್ದೇ. ಆದರೆ ಸುಣ್ಣವನ್ನು ಮಕ್ಕಳ ಕೈಗೆ ಖಂಡಿತ ಕೊಡಬೇಡಿ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

ಇನ್ನೊಬ್ಬರ ಪ್ರಶ್ನೆ: ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಬೋರಲು ಹಾಕಿದೆವು. ಆಮ್ಲಜನಕ ಖರ್ಚಾದ ಜಾಗಕ್ಕೆ ನೀರು ಏರಿತು ಎಂದೆ. ಎಂಟು ವರ್ಷದ ಮಗ, ‘ಹಾಗಾದರೆ ಬತ್ತಿ ಆರಿದ ಮೇಲೆ ಏಕೆ ಜೋರಾಗಿ ಏರಿತು?’ ಎಂದ. ಉತ್ತರ ಹೊಳೆಯಲಿಲ್ಲ.

ಉತ್ತರ: ಎಷ್ಟು ಚೆನ್ನಾಗಿ ಗಮನಿಸಿದ್ದಾನೆ! ಆಮ್ಲಜನಕದ ಈ ವಿವರಣೆ ಬಹಳ ಕಡೆ ಚಾಲ್ತಿಯಲ್ಲಿದೆ, ಆದರೆ ಸಾಲದು. ಆಮ್ಲಜನಕ ಕಡಿಮೆಯಾದರೂ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವಲ್ಲ. ಮುಖ್ಯ ಕಾರಣ ಬಿಸಿ. ಜ್ವಾಲೆಯಿಂದ ಕಾದ ಗಾಳಿ ಹಿಗ್ಗಿ ಒಂದಿಷ್ಟು ಹೊರಹೋಗುತ್ತದೆ. ಲೋಟದ ಅಂಚಿನಲ್ಲಿ ಗುಳ್ಳೆ ಕಾಣುವುದು ಅದಕ್ಕೇ. ಬತ್ತಿ ಆರಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ನೀರಾವಿ ಹನಿಗಟ್ಟುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ.

ಇದನ್ನು ಅವನಿಗೆ ಹೇಳುವ ಮೊದಲು ಅದೇ ಲೋಟದಡಿ ಮೂರು ಬತ್ತಿ ಇಟ್ಟು ನೋಡಿ. ಆಮ್ಲಜನಕ ಮೊದಲಿನಷ್ಟೇ, ನೀರು ಮಾತ್ರ ಇನ್ನೂ ಮೇಲೇರುತ್ತದೆ. ಏಕೆಂದು ಅವನನ್ನೇ ಕೇಳಿ. ಬತ್ತಿ ಹಚ್ಚುವ ಕೆಲಸ ನಿಮ್ಮದಿರಲಿ. ಎರಡೂ ಸಲದ ನೀರಿನ ಮಟ್ಟವನ್ನು ಲೋಟದ ಮೇಲೆ ಸ್ಕೆಚ್ ಪೆನ್ನಿನಿಂದ ಗುರುತಿಸುವುದು ಅವನ ಕೆಲಸ.