ಅಪ್‌ಡೇಟ್: ಗೇರುಹಣ್ಣಿನ ಚಿತ್ರ ಬಟ್ಟೆಗೆ ಬಂತು

ನಾನು ಕಾಸರಗೋಡಿನ ಬದಿಯಡ್ಕದವಳು. ಕೈಯಲ್ಲಿ ಬಿಡಿಸಿದ ಚಿತ್ರವನ್ನು ಬಟ್ಟೆ ತುಂಬ ಮತ್ತೆ ಮತ್ತೆ ಬರುವ ಪ್ಯಾಟರ್ನ್ ಮಾಡೋದು ಹೇಗೆ, ಅದರಿಂದ ಸಂಪಾದನೆ ಆಗುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕಾಗದ ಕತ್ತರಿಸಿ ಮಾಡಿ ಅಂದಿದ್ರಲ್ಲ, ಅಲ್ಲಿಂದಲೇ ಶುರು ಮಾಡಿದೆ. ಹಾಳೆಯ ನಡುವೆ ಗೇರುಹಣ್ಣು, ಎಲೆ ಬಿಡಿಸಿ ನಾಲ್ಕು ತುಂಡು ಮಾಡಿದೆ. ಎದುರುಬದುರು ಮೂಲೆಯ ತುಂಡುಗಳನ್ನು ಅದಲುಬದಲು ಮಾಡಿ ಅಂಟಿಸಿದೆ. ನಡುವೆ ಖಾಲಿ ಜಾಗ ಬರುತ್ತದೆ, ಅದನ್ನು ಮೊಗ್ಗು, ಚಿಗುರಿನಿಂದ ತುಂಬಿಸಿದೆ. ಈಗ ಇದೇ ಚಿತ್ರವನ್ನು ಪಕ್ಕಪಕ್ಕ ಇಟ್ಟರೆ ಹೊರ ಅಂಚುಗಳು ತಾವಾಗಿಯೇ ಕೂಡುತ್ತವೆ! 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ ಬಣ್ಣ ಹಾಕಿದೆ. ನೇರ ಸಾಲಲ್ಲಿ ಜೋಡಿಸಿದಾಗ ಹಣ್ಣುಗಳು ಅಡ್ಡ ಪಟ್ಟಿಯ ಹಾಗೆ ಎದ್ದು ಕಾಣುತ್ತಿದ್ದವು. ಪಕ್ಕದ ಉದ್ದ ಸಾಲನ್ನು ಚಿತ್ರದ ಅರ್ಧದಷ್ಟು ಕೆಳಗಿಳಿಸುವ ಹಾಫ್ ಡ್ರಾಪ್ ಮಾಡಿ, ಎಡ ಬಲ ಅಂಚುಗಳನ್ನು ಅದಕ್ಕೆ ಸರಿಯಾಗಿ ಮತ್ತೆ ಹೊಂದಿಸಿದ ಕೂಡಲೇ ಆ ಪಟ್ಟಿ ಮಾಯ. ಕಣ್ಣಿಗೆ ಎಷ್ಟು ಹಿತ ಅಂತೀರಿ.

ಕುಂಬಳೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ ಕುರ್ತಾಗೆ ಇದೇ ಬೇಕು ಅಂದರು. ಡಿಸೈನ್ ಪೂರ್ತಿ ಮಾರಲಿಲ್ಲ, ಬಳಸುವ ಹಕ್ಕು ಮಾತ್ರ ಕೊಟ್ಟೆ. ಎಷ್ಟು ವರ್ಷ, ಯಾವ ವಸ್ತುವಿಗೆ, ಎಲ್ಲೆಲ್ಲಿ ಅಂತ ಬರೆದುಕೊಂಡಿದ್ದೇವೆ. ಅವಧಿ ಬರೆಯದಿದ್ದರೆ 1957ರ ಕಾಪಿರೈಟ್ ಕಾಯ್ದೆ ಅದನ್ನು 5 ವರ್ಷ ಅಂತ ಹಿಡಿಯುತ್ತದೆ.

ಇನ್ನೊಂದು ಮಾತು ತುಂಬ ಮುಖ್ಯ, ಹೊಸಬರು ಗಮನಿಸಿ. 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಬಹುದಾದ ಡಿಸೈನನ್ನು ನೋಂದಾಯಿಸದೆ, ಮೆಷಿನ್‌ನಲ್ಲಿ 50ಕ್ಕಿಂತ ಜಾಸ್ತಿ ಸಲ ಅಚ್ಚು ಹಾಕಿದರೆ ಅದರ ಕಾಪಿರೈಟೇ ಹೋಗುತ್ತದೆ. ಡಿಸೈನ್ ಬಹಿರಂಗವಾಗುವ ಮೊದಲೇ ನೋಂದಣಿಗೆ ಅರ್ಜಿ ಹಾಕಬೇಕು. ಹಾಗಾಗಿ ಅಡಿಕೆ ಹಿಂಗಾರದ ಹೊಸ ಪ್ಯಾಟರ್ನ್ ಇನ್ನೂ ಯಾರಿಗೂ ತೋರಿಸಿಲ್ಲ.

ಮಂಗಳೂರು ಕಡೆ ಹತ್ತಿ ಬಟ್ಟೆಗೆ ಸ್ವಲ್ಪವೇ ಮೀಟರ್ ಡಿಜಿಟಲ್ ಪ್ರಿಂಟ್ ಮಾಡಿಕೊಡುವವರಿದ್ದರೆ ದಯವಿಟ್ಟು ತಿಳಿಸಿ.