ಹಳೆಯ ಆಡಿ ಆರ್‌8 ಕೊಂಡು ಬೆಂಗಳೂರಿನಲ್ಲಿ ವಾರಕ್ಕೆ ಮೂರು ದಿನ ಓಡಿಸಬಹುದೇ?

ಪ್ರಶ್ನೆ (ಬನಶಂಕರಿಯಿಂದ): ನಮಸ್ಕಾರ ಸರ್. ಹದಿನೈದು ವರ್ಷಗಳಿಂದ ಕಂಡ ಕನಸು ಈಗ ಕೈಗೆಟುಕುವಷ್ಟು ಹತ್ತಿರ ಬಂದಿದೆ. ಎರಡು ಕಾರು ನೋಡಿದ್ದೇನೆ, ಎರಡೂ ಆಡಿ ಆರ್‌8 ಸ್ಪೋರ್ಟ್ಸ್ ಕಾರುಗಳು, 4.2 ಲೀಟರಿನ, ಎಂಟು ಸಿಲಿಂಡರಿನ (ವಿ8) ಎಂಜಿನ್. ಮೊದಲನೆಯದು 2012ರದು, ದೆಹಲಿ ನೋಂದಣಿ, ಆರ್-ಟ್ರಾನಿಕ್ ಗೇರ್‌ಬಾಕ್ಸ್, ಓಡಿರುವುದು 14,000 ಕಿ.ಮೀ. ಮಾತ್ರ, ಬೆಲೆ 48 ಲಕ್ಷ. ಎರಡನೆಯದು 2013ರದು, ಬೆಂಗಳೂರಿನದೇ ನೋಂದಣಿ, ಎಸ್-ಟ್ರಾನಿಕ್, 41,000 ಕಿ.ಮೀ. ಓಡಿದೆ, 62 ಲಕ್ಷ ಹೇಳುತ್ತಿದ್ದಾರೆ. ಗಾಜಿನ ಮನೆಯಲ್ಲಿ ಇಡಲು ನನಗೆ ಕಾರು ಬೇಡ. ವಾರಕ್ಕೆ ಮೂರು ದಿನ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ, ಭಾನುವಾರ ಎಲ್ಲಾದರೂ ದೂರಕ್ಕೆ ಹೋಗಬೇಕು. ಕಡಿಮೆ ಓಡಿದ ಕಾರಿನ ಕಡೆಗೆ ಮನಸ್ಸು ವಾಲುತ್ತಿದೆ. ನಿಮ್ಮ ಅಭಿಪ್ರಾಯ?

ಉತ್ತರ: ಮನಸ್ಸನ್ನು ಎರಡನೆಯದರ ಕಡೆಗೆ ತಿರುಗಿಸಿ ಸರ್. ಇಂಥ ಕಾರುಗಳನ್ನು ಬಿಚ್ಚಿ ಜೋಡಿಸುವುದೇ ಹತ್ತೊಂಬತ್ತು ವರ್ಷಗಳಿಂದ ನನ್ನ ಕಸುಬು. ನನ್ನ ವರ್ಕ್‌ಶಾಪಿಗೆ ಅತಿ ಹೆಚ್ಚು ಖರ್ಚು ಹೊತ್ತು ಬರುವುದು ಹೆಚ್ಚು ಓಡಿದ ಕಾರುಗಳಲ್ಲ, ಹೊದಿಕೆಯ ಕೆಳಗೆ ವರ್ಷಗಟ್ಟಲೆ ನಿಂತ ಕಾರುಗಳು. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡಿದ ಕಾರು ತನ್ನ ಆಯುಷ್ಯವನ್ನೆಲ್ಲ ನಿಂತೇ ಕಳೆದಿರುತ್ತದೆ. ಎಣ್ಣೆ ತಾಗದ ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಪೆಟ್ರೋಲ್ ಕೆಡುತ್ತದೆ. ಟೈರಿನ ಮೇಲಿನ ಗೀರುಗಳು ಹೊಸದರಂತೆ ಆಳವಾಗಿದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಟೈರಿನ ಮಗ್ಗುಲಲ್ಲಿರುವ ನಾಲ್ಕು ಅಂಕಿ ಓದಿ: 2316 ಎಂದಿದ್ದರೆ 2016ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾದರೆ ನಾಲ್ಕನ್ನೂ ಬದಲಿಸುವ ಹಣವನ್ನು ಬೆಲೆಯಲ್ಲಿ ಕಳೆಯಿರಿ.

ನಿಮ್ಮ ಊರಿಗೆ, ನಿಮ್ಮ ದಾರಿಗೆ ಇದಕ್ಕಿಂತ ಮುಖ್ಯವಾದದ್ದು ಗೇರ್‌ಬಾಕ್ಸ್. ಆರ್-ಟ್ರಾನಿಕ್ ಎಂದರೆ ಆಟೊಮ್ಯಾಟಿಕ್ ಅಲ್ಲ. ಕ್ಲಚ್ ಪೆಡಲ್ ತೆಗೆದು ಕಾಲಿನ ಕೆಲಸವನ್ನು ಹೈಡ್ರಾಲಿಕ್ ಪಂಪಿಗೆ ಒಪ್ಪಿಸಿದ ಆರು ಗೇರಿನ ಮ್ಯಾನ್ಯುಯಲ್ ಅದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮುಂದಿನ ಕಾರು ಎರಡಡಿ ಸರಿದಾಗಲೆಲ್ಲ ನೀವೂ ಎರಡಡಿ ಸರಿದರೆ, ಅಷ್ಟು ಹೊತ್ತೂ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗಕ್ಕೆ ಹೆದರದ ಕ್ಲಚ್ ಈ ತೆವಳುವಿಕೆಗೆ ಸುಟ್ಟುಹೋಗುತ್ತದೆ. 11,000 ಕಿ.ಮೀ.ಗೆ ಕ್ಲಚ್ ಮುಗಿದಿದ್ದ ಒಂದು ಕಾರು ನನ್ನಲ್ಲಿಗೆ ಬಂದಿತ್ತು. ಮಾಲೀಕರ ಮನೆ ಅಪಾರ್ಟ್‌ಮೆಂಟಿನಲ್ಲಿ. ದಿನವೂ ನೆಲಮಾಳಿಗೆಯ ಇಳಿಜಾರನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಅದೊಂದೇ ಕಾರಣ ಸಾಕಾಯಿತು.

2012ರ ಕೊನೆಗೆ ಬಂದ ಪರಿಷ್ಕೃತ ಮಾದರಿಯಲ್ಲಿ ಆಡಿ ಇದನ್ನು ಕೈಬಿಟ್ಟು ಏಳು ಗೇರಿನ, ಎರಡು ಕ್ಲಚ್‌ಗಳ ಎಸ್-ಟ್ರಾನಿಕ್ ಕೊಟ್ಟಿತು. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ಗಳಾದ್ದರಿಂದ ಬಿಸಿಯನ್ನು ಚೆನ್ನಾಗಿ ತಾಳುತ್ತವೆ. ನೀವು ಹೇಳಿದ ಎರಡನೆಯ ಕಾರಿನಲ್ಲಿರುವುದು ಇದೇ. ಆ ಎಣ್ಣೆ ಬದಲಿಸಿದ ದಾಖಲೆಯನ್ನು ಮಾತ್ರ ತಪ್ಪದೆ ಕೇಳಿ.

ಇನ್ನು ದೆಹಲಿ ನೋಂದಣಿಯ ವಿಷಯ. ರಾಜಧಾನಿ ವಲಯದಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ, ವಯಸ್ಸಾದ ಕಾರುಗಳನ್ನು ಅಲ್ಲಿಯವರು ದಕ್ಷಿಣಕ್ಕೆ ಮಾರತೊಡಗಿದರು. 14 ಲಕ್ಷದ ವ್ಯತ್ಯಾಸ ನೋಡಿ ಹಿಗ್ಗಬೇಡಿ. ಕಾರನ್ನು ಇಲ್ಲಿಗೆ ತಂದ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ಮೂಲ ದರ ಶೇ 18, ಅದರ ಮೇಲೆ ಸೆಸ್. ಕಾರಿನ ವಯಸ್ಸಿಗೆ ತಕ್ಕಂತೆ ಅದು ಇಳಿಯುತ್ತದೆ ನಿಜ, ಆದರೆ ಲೆಕ್ಕ ಶುರುವಾಗುವುದು ಕೋಟಿ ದಾಟಿದ್ದ ಹೊಸ ಕಾರಿನ ಬೆಲೆಯಿಂದ, ನೀವು ಕೊಟ್ಟ 48 ಲಕ್ಷದಿಂದ ಅಲ್ಲ. ಹೊರರಾಜ್ಯದ ಫಲಕದಲ್ಲೇ ಓಡಿಸಿಕೊಂಡಿರೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ ಕಿವಿಗೊಡಬೇಡಿ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಂಥ 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆಯಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ 1.41 ಕೋಟಿ ರೂಪಾಯಿ ವಸೂಲಾಯಿತು.

ಪ್ರಶ್ನೆ (ಮೈಸೂರಿನಿಂದ): ಸರ್, ನಮ್ಮ ರಸ್ತೆ ಉಬ್ಬುಗಳ ಮೇಲೆ ಇದು ಹೇಗೆ ದಾಟುತ್ತದೆ? ನನ್ನ ಸೆಡಾನ್ ಕಾರೇ ಕೆಲವು ಕಡೆ ಉಜ್ಜುತ್ತದೆ.

ಉತ್ತರ: ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯಂತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಆರ್‌8ನ ಹೊಟ್ಟೆಗೂ ನೆಲಕ್ಕೂ ಅಂತರ ಸುಮಾರು 11 ಸೆಂಟಿಮೀಟರ್. ಅಳತೆಗೆ ಸರಿಯಾದ ಉಬ್ಬನ್ನು ನಿಧಾನವಾಗಿ ದಾಟಬಹುದು. ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿದ ಚೂಪು ದಿಬ್ಬಗಳಲ್ಲಿ ಆಗದು. ಓರೆಯಾಗಿ, ಒಂದೊಂದೇ ಚಕ್ರ ಹತ್ತಿ ಇಳಿಯುವಂತೆ ದಾಟಿಸುವುದೇ ಕ್ರಮ. ಲ್ಯಾಂಬೊರ್ಗಿನಿ ಹುರಾಕಾನ್‌ನಂಥ ಕಾರುಗಳಲ್ಲಿ ಗುಂಡಿ ಒತ್ತಿದರೆ ಮೂತಿ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೇಳುವ ವ್ಯವಸ್ಥೆ ಸಿಗುತ್ತದೆ. ನಮ್ಮ ನಗರಗಳಲ್ಲಿ ಅದು ನೂರು ಅಶ್ವಶಕ್ತಿಗಿಂತ ಹೆಚ್ಚು ಬೆಲೆಬಾಳುತ್ತದೆ. ಬನಶಂಕರಿಯ ಸರ್, ನೀವು ಹಣ ಕೊಡುವ ಮೊದಲು ಒಂದು ದಿನ ಮಾರಾಟಗಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಾರನ್ನು ನಿಮ್ಮ ಮನೆಯ ಗೇಟಿನೊಳಗೆ ತಂದು ನಿಲ್ಲಿಸಿ ನೋಡಿ. ಈ ಒಂದು ಪರೀಕ್ಷೆ ಮಾಡದೆ ಕೊಂಡು, ಮೂರು ತಿಂಗಳು ನೆಂಟರ ಮನೆಯಲ್ಲಿ ಕಾರು ನಿಲ್ಲಿಸಿದವರನ್ನು ನಾನು ಬಲ್ಲೆ. ಕಚೇರಿಗೆ ಹೋಗಲು ದಟ್ಟಣೆ ತಪ್ಪಿಸುವ ನೈಸ್ ಟೋಲ್ ರಸ್ತೆ ಹಿಡಿಯಿರಿ. ಟೋಲ್ ಹಣ ಕ್ಲಚ್‌ನ ಮುಂದೆ ಏನೂ ಅಲ್ಲ.

ಪ್ರಶ್ನೆ (ಸ್ಟುಟ್‌ಗಾರ್ಟ್‌ನಿಂದ): ಇಲ್ಲಿ ಹಳೆಯ ಆರ್‌8 ಇದಕ್ಕಿಂತ ಅಗ್ಗ. ಮುಂದಿನ ವರ್ಷ ಊರಿಗೆ ಮರಳುವಾಗ ಒಂದನ್ನು ತರಬಹುದೇ ಸರ್?

ಉತ್ತರ: ಆಗುವುದಿಲ್ಲ. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು. ಜರ್ಮನಿಯ ಕಾರು ಎಡದ್ದು. ಅಲ್ಲಿರುವಷ್ಟು ದಿನ ಅಲ್ಲಿಯೇ ಓಡಿಸಿ ಆನಂದಿಸಿ. ಆ ಕಾರು ಹುಟ್ಟಿದ ನೆಕರ್ಸುಲ್ಮ್ ನೀವಿರುವ ಸ್ಟುಟ್‌ಗಾರ್ಟ್‌ಗೆ ಹತ್ತಿರವೇ ಇದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ನಾನು ಇಷ್ಟೇ ಹಣಕ್ಕೆ ಪೋರ್ಷೆ 911 ಟರ್ಬೊ ನೋಡುತ್ತಿದ್ದೇನೆ, 2008ರದು. ದಿನಬಳಕೆಗೆ ಯಾವುದು ಮೇಲು ಸರ್? ಮಕ್ಕಳಿಬ್ಬರು ಚಿಕ್ಕವರು.

ಉತ್ತರ: ಮೇಡಂ ಇರಲಿ, ಸರ್ ಇರಲಿ, ಮಕ್ಕಳಿದ್ದವರಿಗೆ 911 ಎಂದೇ ಹೇಳುತ್ತೇನೆ. ಹಿಂದೆ ಎರಡು ಚಿಕ್ಕ ಸೀಟುಗಳಿವೆ, ಸುತ್ತಲೂ ಚೆನ್ನಾಗಿ ಕಾಣುತ್ತದೆ. ಆ ವರ್ಷದ ಟರ್ಬೊದಲ್ಲಿ ಟಿಪ್‌ಟ್ರಾನಿಕ್ ಇದ್ದರೆ ಇನ್ನೂ ಒಳ್ಳೆಯದು. ಅದು ಎಣ್ಣೆಯ ಹರಿವಿನಿಂದ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್ ಇರುವ ನಿಜವಾದ ಆಟೊಮ್ಯಾಟಿಕ್, ದಟ್ಟಣೆಯಲ್ಲಿ ಸವೆಯುವ ಕ್ಲಚ್ಚೇ ಇಲ್ಲ. ಆದರೆ ಆ ಎಂಜಿನ್‌ನಲ್ಲಿ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಹರಿಯುವ ಪೈಪುಗಳ ಕೊನೆಗಳನ್ನು ಅಂಟಿನಿಂದ ಕೂರಿಸಿದ್ದಾರೆ. ಬಿಸಿಗೆ ಅಂಟು ಬಿಟ್ಟರೆ ಕೂಲಂಟ್ ಒಮ್ಮೆಲೇ ರಸ್ತೆಗೆ ಚೆಲ್ಲುತ್ತದೆ. ಬೆಸುಗೆ ಅಥವಾ ಪಿನ್ ಹಾಕಿಸಿದ್ದಾರೆಯೇ ಎಂದು ಕೇಳಿ. 2008ರ ಕಾರಿಗೆ ಹದಿನೈದು ವರ್ಷ ತುಂಬಿರುವುದರಿಂದ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ.

ಪ್ರಶ್ನೆ (ಬನಶಂಕರಿಯಿಂದ, ಹತ್ತು ದಿನಗಳ ನಂತರ): ಸರ್, ನಿಮ್ಮ ಮಾತಿನಂತೆ ಎರಡನೆಯ ಕಾರನ್ನು ಲಿಫ್ಟ್ ಮೇಲೆ ಹಾಕಿಸಿದೆ. ಮನೆಯ ಗೇಟು ದಾಟಿತು. ಹಿಂದಿನ ಎಡ ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆಯ ಕಲೆ ಇದೆ. ತಣ್ಣಗಿದ್ದಾಗ ಎಂಜಿನ್ ಸ್ವಲ್ಪ ನಡುಗುತ್ತದೆ. ಮಾರಾಟಗಾರರು ಎರಡೂ ಸಾಮಾನ್ಯ ಎನ್ನುತ್ತಾರೆ.

ಉತ್ತರ: ಈ ಮಾದರಿಯಲ್ಲಿ ಎರಡೂ ಮತ್ತೆ ಮತ್ತೆ ಕಾಣುವ ತೊಂದರೆಗಳೇ, ಅಷ್ಟು ಮಾತ್ರಕ್ಕೆ ಖರ್ಚು ನಿಮ್ಮದಾಗಬೇಕಿಲ್ಲ. ಆ ಶಾಕ್‌ಗಳೊಳಗೆ ಇರುವುದು ಕಬ್ಬಿಣದ ಸೂಕ್ಷ್ಮ ಕಣಗಳು ಬೆರೆತ ದ್ರವ. ಸುರುಳಿಯಲ್ಲಿ ವಿದ್ಯುತ್ ಹರಿದು ಕಾಂತಶಕ್ತಿ ಹುಟ್ಟಿದಾಗ ಅದು ಗಟ್ಟಿಯಾಗುತ್ತದೆ. ಸೋರಿದರೆ ದುರಸ್ತಿ ಮಾಡುವುದಕ್ಕಿಂತ ಬದಲಿಸುವುದೇ ಸರಿ, ಅದೂ ಎಡ ಬಲ ಜೋಡಿಯಾಗಿ. ನಡುಕಕ್ಕೆ ಬಹುಶಃ ವಾಲ್ವ್‌ಗಳ ಮೇಲೆ ಕಟ್ಟಿದ ಇಂಗಾಲ ಕಾರಣ. ಪೆಟ್ರೋಲ್ ನೇರ ಸಿಲಿಂಡರಿಗೆ ಚಿಮ್ಮುವ ಎಂಜಿನ್ ಆದ್ದರಿಂದ ಗಾಳಿ ಬರುವ ವಾಲ್ವ್ ಎಂದೂ ಪೆಟ್ರೋಲಿನಿಂದ ತೊಳೆಯಲ್ಪಡುವುದಿಲ್ಲ. ಅಕ್ರೋಟ್ ಸಿಪ್ಪೆಯ ಪುಡಿಯನ್ನು ಗಾಳಿಯಲ್ಲಿ ಊದಿ ಶುಚಿ ಮಾಡುತ್ತಾರೆ. ಮಾಡಿದ ಮೇಲೆ ಎಂಜಿನ್ ಎಷ್ಟು ನುಣುಪಾಗಿ ಮೇಲೇರುತ್ತದೆ ಎಂಬುದನ್ನು ಕೇಳಿದರೆ ನಿಮಗೇ ಸಂತೋಷವಾಗುತ್ತದೆ.

ಇನ್ನೊಂದನ್ನು ನೋಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು ಕಡೆಯ ಬಂಗಲೆ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದವು. ಬೆಂಗಳೂರಿನ ಕಾರೆಂದ ಮೇಲೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ಎಂದು ಪರೀಕ್ಷಿಸಿ, ನೆಲಹಾಸಿನ ಕೆಳಗೆ ಕೈಯಾಡಿಸಿ.

ಅದೂ ಸರಿಯಾಗಿದ್ದರೆ, ಜೋಡಿ ಶಾಕ್ ಮತ್ತು ವಾಲ್ವ್ ಶುಚಿಯ ಲಿಖಿತ ಅಂದಾಜು ಪಟ್ಟಿ ಹಿಡಿದು ಮಾತಿಗೆ ಕೂರಿ. ಆ ಮೊತ್ತದಷ್ಟಾದರೂ ಅವರು ಇಳಿಯಬೇಕು. ಮೊದಲ ವರ್ಷಕ್ಕೆಂದು ಎಂಟು ಹತ್ತು ಲಕ್ಷ ಬೇರೆ ಖಾತೆಯಲ್ಲಿ ಇಟ್ಟುಕೊಳ್ಳಿ. ಬಿಡಿಭಾಗ ಇಂದಿಗೂ ಕೋಟಿಯ ಕಾರಿನ ಬೆಲೆಗೇ ಬರುತ್ತದೆ. ಸಾಲವಿದ್ದ ಕಾರಾದರೆ ಸಾಲ ತೀರಿತೆಂದು ಬ್ಯಾಂಕ್ ಸಹಿ ಹಾಕಿದ ನಮೂನೆ 35, ವರ್ಗಾವಣೆಗೆ ನಮೂನೆ 29 ಮತ್ತು 30, ಇವು ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ತಂದ ದಿನ ತಿಳಿಸಿ ಸರ್, ಮೊದಲ ಎಣ್ಣೆ ಬದಲಾವಣೆಗೆ ನಾನೇ ನಿಲ್ಲುತ್ತೇನೆ.